ಮೂವತ್ತೊಂದು ತುಂಡಿನ ಕೋಟು

ನನಗೆ ಹೊಲಿಯಲು ಬರುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಹಿಂದೊಮ್ಮೆ ಇದನ್ನು ಮೊದಲೇ ಹೇಳದೆ ಇದ್ದುದರಿಂದ, ಸಮುದ್ರದಾಚೆಯ ಒಂದು ಬೀದಿಯ ಅರ್ಧ ಜನ ಚಳಿಗಾಲದಲ್ಲಿ ಕೋಟಿಲ್ಲದೆ ಓಡಾಡಬೇಕಾಯಿತು.

ಎಂಟನೇ ತರಗತಿಗೆ ಶಾಲೆ ಬಿಟ್ಟ ನಾನು ನೇರವಾಗಿ ಹೋಗಿ ಕುಳಿತದ್ದು ಟೈಲರ್ ಅಂಗಡಿಯ ಮೂಲೆಯ ಸ್ಟೂಲಿನ ಮೇಲೆ. ಅಂಗಡಿಯಲ್ಲಿ ಮೂರು ಮೆಷಿನ್ನುಗಳಿದ್ದವು. ಒಂದು ಮಾಸ್ಟರದು, ಒಂದು ಅವರ ತಮ್ಮನದು. ಕಿಟಕಿಯ ಪಕ್ಕದ ಮೂರನೆಯದು ಖಾಲಿ. ಬೆಳಗಿನ ಬಿಸಿಲು ಬಂದು ಅದರ ಮೇಲೆ ಕೂರುತ್ತಿತ್ತು, ಮಧ್ಯಾಹ್ನದ ತನಕ ಅದನ್ನು ಯಾರೂ ಎಬ್ಬಿಸುತ್ತಿರಲಿಲ್ಲ. ನನ್ನ ಕೆಲಸ ಬಿಚ್ಚುವುದು. ಬಿಗಿಯಾದ ಅಂಗಿ, ಗಿಡ್ಡವಾದ ಪ್ಯಾಂಟು, ಮಾಸ್ಟರ ತಮ್ಮ ತಲೆಕೆಳಗಾಗಿ ಕೂರಿಸಿದ ಜೇಬು, ಎಲ್ಲವೂ ನನ್ನ ತೊಡೆಗೆ ಬಂದು ಬೀಳುತ್ತಿತ್ತು. ಅರ್ಧ ಬ್ಲೇಡು ಹಿಡಿದು, ಬಟ್ಟೆಗೆ ಗಾಯವಾಗದ ಹಾಗೆ ದಾರ ಕತ್ತರಿಸಿ, ತುಂಡುಗಳನ್ನು ಬಿಚ್ಚಿದ ಕ್ರಮದಲ್ಲೇ ಒಂದರ ಮೇಲೊಂದು ಇಡುತ್ತಿದ್ದೆ. ಕೊನೆಗೆ ಬಿಚ್ಚಿದ್ದನ್ನು ಮೊದಲು ಹೊಲಿಯಬೇಕು, ಆದ್ದರಿಂದ ಅದು ಮೇಲೆ. ಹೀಗೆ ಆರು ವರ್ಷ. ಮಾಸ್ಟರ್ ಮನೆಯಲ್ಲಿ ಜಗಳವಾಡಿ ಬಂದ ದಿನ ಹಾಕಿದ ಹೊಲಿಗೆ ಯಾವುದು, ಊಟ ಮಾಡಿ ತೂಕಡಿಸುತ್ತ ಹಾಕಿದ್ದು ಯಾವುದು ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಹೇಳು ಎಂದು ಯಾರೂ ಕೇಳಿರಲಿಲ್ಲ, ಅಷ್ಟೇ.

ಕಿಟಕಿ ಪಕ್ಕದ ಮೆಷಿನ್ನನ್ನು ನಾನು ದಿನಾ ಒರೆಸುತ್ತಿದ್ದೆ. ಒಂದು ದಿನ ಮಾಸ್ಟರ್ ಕನ್ನಡಕದ ಮೇಲಿಂದ ನೋಡಿದರು.

"ಏನು, ಅದರ ಮೇಲೆ ಕಣ್ಣಾ?"

ನಾನು ಒರೆಸುವ ಬಟ್ಟೆಯನ್ನು ಮಡಿಚಿದೆ.

"ಮೂರು ಸಲ ಕರೆದರೆ ಒಂದು ಸಲ ‘ಹೂಂ’ ಅನ್ನೋಳು ಮೆಷಿನ್ ತುಳಿದು ಗಿರಾಕಿಗಳ ಹತ್ರ ಅಳತೆ ತಗೋತೀಯಾ? ಎಲ್ಲಿಂದಾದ್ರೂ ಒಂದು ಸರ್ಟಿಫಿಕೇಟ್ ತಂದುಬಿಡು. ಅವತ್ತೇ ಕೂರಿಸ್ತೀನಿ."

ಆಕಾಶದಿಂದ ಚಂದ್ರನನ್ನು ಕಿತ್ತು ತಾ ಎಂದು ಹೇಳುವ ದನಿಯಲ್ಲೇ ಹೇಳಿದ್ದರು. ನಾನು ಮಾತ್ರ ಗಂಭೀರವಾಗಿ ತೆಗೆದುಕೊಂಡೆ. ನನಗೆ ಹೆಚ್ಚು ಜನ ಏನನ್ನೂ ಹೇಳುವುದಿಲ್ಲವಾದ್ದರಿಂದ ಹೇಳಿದ್ದೆಲ್ಲ ನೆನಪಿರುತ್ತದೆ.

ಅದೇ ತಿಂಗಳು ವಿದೇಶದಲ್ಲಿರುವ ದೊಡ್ಡತ್ತೆಯ ಫೋನು ಬಂತು. ಅವರ ಬೀದಿಯಲ್ಲಿ ಒಂದು ಸೇವಾಮನೆ ಇದೆಯಂತೆ. ವಾರಕ್ಕೊಮ್ಮೆ ಜನ ಹಾಳಾದ ಸಾಮಾನು ತರುತ್ತಾರೆ, ಸ್ವಯಂಸೇವಕರು ಪುಕ್ಕಟೆ ರಿಪೇರಿ ಮಾಡಿಕೊಡುತ್ತಾರೆ. ಹೊರದೇಶದಿಂದ ಬರುವವರಿಗೆ ಟಿಕೆಟ್ಟು, ಊಟ. ಆರು ತಿಂಗಳು ದುಡಿದರೆ ಸರ್ಟಿಫಿಕೇಟು.

"ಸಂಬಳ?" ಎಂದು ಅಮ್ಮ ಕೇಳಿದಳು.

"ಇಲ್ಲ, ಸೇವೆ."

"ಸಂಬಳ ಇಲ್ಲದೆ ಕೆಲಸ ಮಾಡೋಕೆ ವಿಮಾನ ಯಾಕೆ ಹತ್ತಬೇಕು? ನಮ್ಮ ಅಡುಗೆಮನೆಯಲ್ಲೇ ಬೇಕಾದಷ್ಟಿದೆ."

ಅರ್ಜಿ ತುಂಬಿದ್ದು ಅಮ್ಮನ ತಮ್ಮ, ನನ್ನ ಮಾವ. ಮಾವ ಸರ್ಕಾರಿ ಕಚೇರಿಯ ಎದುರು ಮೇಜು ಹಾಕಿಕೊಂಡು ಅರ್ಜಿ ಬರೆದುಕೊಡುವವನು. ಅವನ ಅರ್ಜಿಗಳಲ್ಲಿ ಯಾರ ಗೋಡೆಯೂ ಬರೀ ಬಿರುಕು ಬಿಟ್ಟಿರುವುದಿಲ್ಲ, ‘ಯಾವ ಕ್ಷಣದಲ್ಲಾದರೂ ಕುಸಿಯುವ ಸ್ಥಿತಿಯಲ್ಲಿ’ ಇರುತ್ತದೆ. ನನ್ನ ಒಂಬತ್ತನೇ ಕಾಲಮ್ಮಿನಲ್ಲಿ ಅವನು ಬರೆದದ್ದು: ‘ಹೊಲಿಗೆ ತಜ್ಞೆ. ಆರು ವರ್ಷಗಳ ಅನುಭವ.’

"ಮಾವ, ನಾನು ಬಿಚ್ಚೋಳು."

"ಆರು ವರ್ಷ ಹೊಲಿಗೆ ಬಿಟ್ಟು ಬೇರೇನಾದ್ರೂ ಮುಟ್ಟಿದ್ದೀಯಾ? ಇಲ್ಲ ತಾನೇ? ಸಹಿ ಹಾಕು."

ವಿಮಾನದ ಕಿಟಕಿಯಿಂದ ಮೋಡ ನೋಡಿದೆ. ಹಿಂಜಿದ ಹತ್ತಿಯನ್ನು ಯಾರೋ ಹರವಿಟ್ಟು ಮರೆತುಹೋದ ಹಾಗಿತ್ತು. ಎಲ್ಲೂ ಒಂದು ಹೊಲಿಗೆ ಇಲ್ಲ. ಬಿಚ್ಚಲು ಏನೂ ಇಲ್ಲದ ಜಾಗವನ್ನು ನಾನು ನೋಡಿದ್ದು ಅದೇ ಮೊದಲು.

ಸೇವಾಮನೆ ಹಿಂದೆ ಗೋದಾಮಾಗಿತ್ತು. ಉದ್ದನೆಯ ಕೋಣೆ, ಸೂರಿನ ತನಕ ಕಿಟಕಿಗಳು, ನಡುವೆ ಇಪ್ಪತ್ತು ಜನ ಕೂರುವ ಮೇಜು, ಅದರ ಕೊನೆಯಲ್ಲಿ ಯಾರೋ ದಾನ ಕೊಟ್ಟ, ಯಾರಿಗೂ ನಡೆಸಲು ಬಾರದ ಒಂದು ಕಪ್ಪು ಹೊಲಿಗೆ ಮೆಷಿನ್. ಅದರ ಮುಂದೆ ನನಗೆಂದು ಕುರ್ಚಿ ಹಾಕಿ, ಕುರ್ಚಿಗೆ ರಿಬ್ಬನ್ ಕಟ್ಟಿದ್ದರು. ಕೂದಲಿನಲ್ಲಿ ಪೆನ್ಸಿಲ್ ಸಿಕ್ಕಿಸಿಕೊಂಡ ಎತ್ತರದ ಹೆಂಗಸು, ಆ ಮನೆಯ ಯಜಮಾನಿ, ನನ್ನ ಕೈ ಹಿಡಿದು ಏನೋ ಹೇಳಿದರು.

"ನೀನು ಬಂದಿದ್ದು ಸಂತೋಷ ಅಂತಿದ್ದಾರೆ," ಎಂದರು ದೊಡ್ಡತ್ತೆ.

"ಥ್ಯಾಂಕ್ಸ್ ಅಂತ ಹೇಳಿ ಅತ್ತೆ."

ದೊಡ್ಡತ್ತೆ ಕೈಬೀಸುತ್ತ ಐದು ನಿಮಿಷ ಮಾತಾಡಿದರು. ನಡುವೆ ಎರಡು ಸಲ ನನ್ನ ತಲೆ ಸವರಿದರು. ಒಂದು ಸಲ ಕಣ್ಣು ಒರೆಸಿಕೊಂಡರು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಅಷ್ಟೊಂದು ಏನು ಹೇಳಿದ್ರಿ?"

"ಥ್ಯಾಂಕ್ಸ್ ಅಂತ."

ಇಪ್ಪತ್ತು ವರ್ಷದಿಂದ ಆ ಬೀದಿಯಲ್ಲಿದ್ದ ದೊಡ್ಡತ್ತೆಗೆ ಅಲ್ಲಿಯ ತನಕ ಹೇಳಿಕೊಳ್ಳಲು ನೆಂಟರು ಒಬ್ಬರೂ ಸಿಕ್ಕಿರಲಿಲ್ಲ. ಈಗ ಸಿಕ್ಕಿದ್ದಳು.

ಮೊದಲ ಗಿರಾಕಿ ಒಬ್ಬ ನಿವೃತ್ತ ಬಸ್ ಡ್ರೈವರ್. ಅವರ ನೀಲಿ ಜಾಕೆಟ್ಟಿನ ಕಂಕುಳಿನಲ್ಲಿ ನಾಲ್ಕು ಬೆರಳಷ್ಟು ಹೊಲಿಗೆ ಬಿಟ್ಟಿತ್ತು. ಅದನ್ನು ನನ್ನ ಮುಂದಿಟ್ಟು, ಹೊಲಿಗೆ ಬಿಟ್ಟ ಜಾಗಕ್ಕೆ ಬೆರಳು ತೋರಿಸಿ, ಎಲ್ಲರೂ ಪಕ್ಕದ ಕೋಣೆಗೆ ಚಹಾ ಕುಡಿಯಲು ಹೋದರು. ತಜ್ಞರ ಕೆಲಸಕ್ಕೆ ಅಡ್ಡಿ ಬರಬಾರದಲ್ಲ. ನಾನು ಮೆಷಿನ್ನನ್ನು ನೋಡಿದೆ. ಮೆಷಿನ್ ನನ್ನನ್ನು ನೋಡಿತು. ಅದು ನನ್ನನ್ನು ಗುರುತು ಹಿಡಿಯಿತೆಂದೇ ಅನ್ನಿಸಿತು. ಭಯವಾದಾಗ ಕೆಲವರು ಉಗುರು ಕಚ್ಚುತ್ತಾರೆ, ಕೆಲವರು ದೇವರನ್ನು ನೆನೆಯುತ್ತಾರೆ. ನಾನು ಬಿಚ್ಚುತ್ತೇನೆ.

ಅವರು ಚಹಾ ಮುಗಿಸಿ ಬಂದಾಗ ಮೇಜಿನ ಮೇಲೆ ಹದಿನಾಲ್ಕು ತುಂಡುಗಳು ಅಚ್ಚುಕಟ್ಟಾಗಿ ಇದ್ದವು. ಗುಂಡಿಗಳು ಬೇರೆ, ಒಂದು ಬಟ್ಟಲಿನಲ್ಲಿ.

ಬಸ್ ಡ್ರೈವರ್ ಒಂದೊಂದೇ ತುಂಡನ್ನು ಬಗ್ಗಿ ನೋಡಿದರು. ಅವರು ಆಡಿದ ಮಾತನ್ನು ದೊಡ್ಡತ್ತೆ ನನಗೆ ಕನ್ನಡಕ್ಕೆ ತಿರುಗಿಸಿ ಹೇಳಿದರು.

"ಇದನ್ನ ಹಾಕ್ಕೊಂಡು ಮೂವತ್ತು ವರ್ಷ ಬಸ್ ಓಡಿಸಿದೀನಿ," ಎಂದರು. "ಒಂದೇ ಒಂದು ಅಪಘಾತ ಆಗಿರಲಿಲ್ಲ."

"ಅತ್ತೆ," ಎಂದೆ. "ನನಗೆ ಇಷ್ಟೇ ಬರೋದು ಅಂತ ಹೇಳಿಬಿಡಿ."

ದೊಡ್ಡತ್ತೆ ಎದೆ ತುಂಬ ಉಸಿರು ತೆಗೆದುಕೊಂಡರು. ಈ ಸಲ ಹತ್ತು ನಿಮಿಷ. ಜನರ ಮುಖ ನಿಧಾನವಾಗಿ ಬದಲಾಯಿತು. ಹುಬ್ಬುಗಳು ಮೇಲೇರಿದವು. ಯಜಮಾನಿ ಕೂದಲಿನಿಂದ ಪೆನ್ಸಿಲ್ ತೆಗೆದು ಬರೆದುಕೊಳ್ಳತೊಡಗಿದರು. ಬಸ್ ಡ್ರೈವರ್ ತಮ್ಮ ಜಾಕೆಟ್ಟಿಗೆ, ಅಂದರೆ ಅದರ ಬೆನ್ನಿನ ತುಂಡಿಗೆ, ಮೆಲ್ಲಗೆ ಕೈಯಾಡಿಸಿದರು.

ಮನೆಗೆ ಬರುವ ದಾರಿಯಲ್ಲಿ ವಿಷಯ ತಿಳಿಯಿತು.

"ಬಟ್ಟೆಗೂ ಸುಸ್ತಾಗುತ್ತೆ ಅಂದೆ. ಪೂರ್ತಿ ಬಿಚ್ಚಿ ಒಂದು ವಾರ ಗಾಳಿಗೆ ಬಿಡಬೇಕು. ಆಮೇಲೆ ಅದನ್ನ ಹಾಕ್ಕೊಳ್ಳೋರೇ ಕೂತು ಹೊಲಿಬೇಕು. ಗುರು ಸೂಜಿ ಮುಟ್ಟಬಾರದು. ನಮ್ಮ ಕಡೆ ಪದ್ಧತಿ ಹಾಗೇ ಅಂದೆ."

"ಯಾವ ಗುರು?"

"ನೀನೇ."

"ಅತ್ತೆ, ನಮ್ಮ ಕಡೆ ಅಂಥ ಪದ್ಧತಿ ಎಲ್ಲಿದೆ?"

"ಇವತ್ತಿಂದ ಇದೆ. ಎಲ್ಲ ಪದ್ಧತಿನೂ ಯಾವತ್ತೋ ಒಂದಿನ ಶುರುವಾಗಿದ್ದೇ ತಾನೇ? ಬೇಗ ಬೇಗ ನಡಿ, ಚಳಿ."

ಆ ವಾರ ಕೋಣೆಗೆ ಅಡ್ಡಲಾಗಿ ಹಗ್ಗ ಕಟ್ಟಿ ಜಾಕೆಟ್ಟಿನ ತುಂಡುಗಳನ್ನು ನೇತುಹಾಕಿದರು. ಕಿಟಕಿ ತೆರೆದಾಗ ಗಾಳಿ ಬಂದು ತೋಳುಗಳನ್ನು ತುಂಬುತ್ತಿತ್ತು. ತೋಳುಗಳು ಒಂದನ್ನೊಂದು ಮುಟ್ಟಿ, ನಾಚಿ, ದೂರ ಸರಿಯುತ್ತಿದ್ದವು. ಮುಂದಿನ ವಾರ ಬಸ್ ಡ್ರೈವರ್ ಸೂಜಿ ಹಿಡಿದು ನನ್ನ ಎದುರು ಕುಳಿತರು. ನಾನು ಮೇಲಿನ ತುಂಡನ್ನು ಅವರ ಕಡೆ ತಳ್ಳಿದೆ. ಅದು ಮುಗಿದ ಮೇಲೆ ಎರಡನೆಯದು. ಮೂರು ವಾರಕ್ಕೆ ಜಾಕೆಟ್ ಆಯಿತು. ಹೊಲಿಗೆಗಳು ಹಳ್ಳಿ ರಸ್ತೆಯ ಹಾಗೆ ಅಂಕುಡೊಂಕಾಗಿದ್ದವು, ಆದರೆ ಅವರು ಅದನ್ನು ಹಾಕಿಕೊಂಡು ಕನ್ನಡಿಯ ಮುಂದೆ ನಿಂತು ಸ್ಟೇರಿಂಗ್ ತಿರುಗಿಸುವ ಹಾಗೆ ಕೈ ತಿರುಗಿಸಿದರು. ಬಾಯಲ್ಲಿ ಹಾರ್ನ್ ಕೂಡ ಮಾಡಿದರು.

ಅದರ ಮಾರನೆಯ ವಾರ ಬಾಗಿಲ ಹೊರಗೆ ಸಾಲು.

ಬೀದಿಗೆ ಬೀದಿಯೇ ಬಿಚ್ಚಿಸಿಕೊಳ್ಳಲು ಬಂತು. ಮಕ್ಕಳಿಗೆ ಪಿಯಾನೋ ಕಲಿಸುವ ಪಿಯಾನೋ ಮೇಡಂ ತಮ್ಮ ಕಿಟಕಿಯ ಪರದೆಯನ್ನೇ ತಂದರು. ಪರದೆ ಹಗ್ಗದ ಮೇಲೆ ವಿಶ್ರಾಂತಿ ಪಡೆಯುತ್ತಿದ್ದ ಆ ವಾರ, ಹನ್ನೊಂದು ವರ್ಷದಿಂದ ಎದುರುಮನೆಯಲ್ಲಿದ್ದ ಗಡಿಯಾರ ರಿಪೇರಿಯವರು ಅವರಿಗೆ ಮೊದಲ ಸಲ ಕಾಣಿಸಿದರು. ಗಡಿಯಾರದವರಿಗೂ ಅವರು ಕಾಣಿಸಿದರು. ಮುಂದಿನ ವಾರ ಗಡಿಯಾರದವರು ತಮ್ಮ ಪರದೆ ತಂದರು. ಅದು ಎಲ್ಲೂ ಹರಿದಿರಲಿಲ್ಲ. ಅಂಚೆಯ ಅಮ್ಮ ತಮ್ಮ ಹೆಗಲ ಚೀಲ ಕೊಟ್ಟು, ಒಂದು ವಾರ ಕಾಗದಗಳನ್ನು ಬಕೆಟ್ಟಿನಲ್ಲಿ ಹಂಚಿದರು. ಯಾರಾದರೂ ಕೋಟಿಲ್ಲದೆ ನಡುಗುತ್ತ ನಿಂತಿದ್ದರೆ "ವಿಶ್ರಾಂತಿಗೆ ಕೊಟ್ಟಿದೀರಾ?" ಎಂದು ಕೇಳುವುದು ಬೀದಿಯಲ್ಲಿ ಕುಶಲ ಕೇಳುವ ರೀತಿಯೇ ಆಯಿತು. ಕಪ್ಪು ಮೆಷಿನ್ನನ್ನು ನಡೆಸಲು ಕೊನೆಗೂ ಕಲಿತವರು ಪಿಯಾನೋ ಮೇಡಂ. ಕಾಲಿನಲ್ಲಿ ಪೆಡಲ್ ತುಳಿದ ಅಭ್ಯಾಸ ಅವರಿಗೊಬ್ಬರಿಗೇ ಇದ್ದದ್ದು.

ನಾನು ಬಿಚ್ಚುತ್ತ ಕೇಳಿಸಿಕೊಳ್ಳುತ್ತಿದ್ದೆ. ಅಲ್ಲಿಯ ಭಾಷೆಯಲ್ಲಿ ನನಗೆ ಮೊದಲು ಬಂದ ಮಾತುಗಳು ‘ಇದು’, ‘ಆಮೇಲೆ ಇದು’, ‘ನಿಧಾನ’. ಸೂಜಿ ಚುಚ್ಚಿಕೊಂಡಾಗ ಅವರು ಆಡುತ್ತಿದ್ದ ಮಾತುಗಳೂ ಬಂದವು. ನಾಲ್ಕು ತಿಂಗಳಿಗೆ ದೊಡ್ಡತ್ತೆ ನನ್ನ ಪರವಾಗಿ ಆಡುವುದೆಲ್ಲ ಅರ್ಥವಾಗತೊಡಗಿತು. ಅರ್ಥವಾಗದೆ ಇದ್ದಾಗಲೇ ಚೆನ್ನಾಗಿತ್ತು. ನಾನು ಏಳು ತಲೆಮಾರಿನ ಬಿಚ್ಚುವವರ ವಂಶಕ್ಕೆ ಸೇರಿದವಳಂತೆ. ನಮ್ಮ ಮುತ್ತಜ್ಜಿ ಒಂದು ಹಡಗಿನ ಹಾಯಿಪಟವನ್ನೇ ಬಿಚ್ಚಿದ್ದಳಂತೆ. ಯಾಕೆ ಎಂದು ಯಾರೂ ಕೇಳಲಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ದಾರದ ಎಳೆಗಳು ಗಾಳಿಯಲ್ಲಿ ತೇಲುತ್ತಿದ್ದವು. ಅವುಗಳನ್ನು ನೋಡುತ್ತ ನೋಡುತ್ತ ನನಗೂ ಆ ಮುತ್ತಜ್ಜಿ ಕಾಣಿಸತೊಡಗಿದಳು. ಹಡಗಿನ ತುದಿಯಲ್ಲಿ ಕುಳಿತು, ಸಮುದ್ರದಷ್ಟು ದೊಡ್ಡ ಬಟ್ಟೆಯನ್ನು ತೊಡೆಯ ಮೇಲೆ ಹಾಕಿಕೊಂಡು, ಅವಸರವಿಲ್ಲದೆ.

ಐದನೇ ತಿಂಗಳು ಪತ್ರಿಕೆಯವರು ಬಂದರು. ದೊಡ್ಡತ್ತೆ ಅವರಿಗೆ ಎರಡು ದಿನ ಎಡೆಬಿಡದೆ ವಿವರಿಸಿದರು. ಎರಡು ಪರಿಣಾಮಗಳಾದವು. ಒಂದು, ದೊಡ್ಡತ್ತೆಯ ಗಂಟಲು ಪೂರ್ತಿ ಕಟ್ಟಿತು. ಇನ್ನೊಂದು, ಪತ್ರಿಕೆ ಓದಿ ಪರದೇಶದವರ ಕಚೇರಿಯ ಅಧಿಕಾರಿ ನನ್ನ ಅರ್ಜಿಯ ಫೈಲು ಹಿಡಿದು ಬಂದೇಬಿಟ್ಟರು. ಅರ್ಜಿಯಲ್ಲಿ ಬರೆದ ಕೆಲಸವನ್ನೇ ಮಾಡುತ್ತಿದ್ದೇವೆಯೋ ಎಂದು ನೋಡುವುದು ಅವರ ಕೆಲಸ. ಸುಳ್ಳಾಗಿದ್ದರೆ ಸೋಮವಾರದ ವಿಮಾನದಲ್ಲಿ ವಾಪಸ್ಸು, ಸರ್ಟಿಫಿಕೇಟ್ ಇಲ್ಲ.

ತೆಳ್ಳಗಿನ ಮನುಷ್ಯ. ಮುಖವೇ ಇನ್ನೂ ತುಂಬದ ಅರ್ಜಿಯ ಹಾಗಿತ್ತು.

"ಹೊಲಿಗೆ ತಜ್ಞೆ ಯಾರು?"

ಇಪ್ಪತ್ತು ಬೆರಳುಗಳು ನನ್ನ ಕಡೆ ತಿರುಗಿದವು. ಅವರು ಫೈಲಿನಲ್ಲಿ ಒಂದು ಗುರುತು ಹಾಕಿ, ಕೋಣೆ ಬೆಚ್ಚಗಿದೆಯೆಂದು ಕಪ್ಪು ಕೋಟು ಬಿಚ್ಚಿ ನನ್ನ ಪಕ್ಕದ ಕುರ್ಚಿಯ ಮೇಲೆ ಹಾಕಿ, ಯಜಮಾನಿಯ ಜೊತೆ ಕಾಗದಪತ್ರ ನೋಡಲು ಒಳಗೆ ಹೋದರು. ಕೋಟಿನ ಲೈನಿಂಗು ಕೆಳಗೆ ಒಂದಿಷ್ಟು ಜೋತುಬಿದ್ದಿತ್ತು.

ನನಗೆ ತುಂಬ ಭಯವಾಗಿತ್ತು ಎಂದು ಹೇಳಿದರೆ ಮುಂದಿನದನ್ನು ನೀವೇ ಊಹಿಸಬಹುದು.

ಹನ್ನೆರಡು ಗಂಟೆಗೆ ಅಧಿಕಾರಿ ಹೊರಗೆ ಬಂದರು. "ನನ್ನ ಕೋಟು?"

ಮೂವತ್ತೊಂದು ತುಂಡುಗಳು ಮೇಜಿನ ಮೇಲೆ ತಣ್ಣಗೆ ಮಲಗಿದ್ದವು.

"ವಿಶ್ರಾಂತಿ ಸಾರ್," ಎಂದರು ಬಸ್ ಡ್ರೈವರ್. "ಒಂದು ವಾರ ಬೇಕಾಗುತ್ತೆ."

"ಯಾರಿಗೆ?"

"ಕೋಟಿಗೆ."

"ಸಂಜೆ ಐದಕ್ಕೆ ನನಗೆ ಸನ್ಮಾನ ಇದೆ ರೀ!" ಅಧಿಕಾರಿಯ ದನಿ ಒಡೆಯಿತು. "ನಲವತ್ತು ವರ್ಷ ಸೇವೆ! ದೊಡ್ಡ ಸಾಹೇಬರು ಬರ್ತಾರೆ, ಫೋಟೋ ತೆಗೀತಾರೆ! ನನಗಿರೋದು ಒಂದೇ ಕೋಟು!" ಆಮೇಲೆ ನನ್ನ ಕಡೆ ತಿರುಗಿದರು. "ನೀವು ತಜ್ಞೆ ತಾನೇ? ಹೊಲೀರಿ. ಈಗ. ನನ್ನ ಕಣ್ಣೆದುರಿಗೆ."

ನಾನು ದೊಡ್ಡತ್ತೆಯನ್ನು ನೋಡಿದೆ. ದೊಡ್ಡತ್ತೆ ಎದೆ ತುಂಬ ಉಸಿರು ತೆಗೆದುಕೊಂಡು, ಕೈ ಎತ್ತಿ, ಬಾಯಿ ತೆರೆದರು. ಸೈಕಲ್ ಟ್ಯೂಬಿನಿಂದ ಗಾಳಿ ಹೋದ ಹಾಗೆ ಒಂದು ಸದ್ದು ಬಂತು. ಇನ್ನೊಮ್ಮೆ ಪ್ರಯತ್ನಿಸಿದರು. ಅದೇ ಸದ್ದು. ಕೊನೆಗೆ ಕೈಸನ್ನೆಯಲ್ಲಿ ಹಡಗು ತೋರಿಸಿದರು. ಯಾರಿಗೂ ಅರ್ಥವಾಗಲಿಲ್ಲ.

ಕೋಣೆಯಲ್ಲಿ ದಾರದ ಎಳೆಯೊಂದು ನಿಧಾನವಾಗಿ ಕೆಳಗಿಳಿಯುತ್ತಿತ್ತು. ಅದು ನೆಲ ಮುಟ್ಟುವ ಮೊದಲು ಯಾರಾದರೂ ಮಾತಾಡಬೇಕಿತ್ತು.

"ನಾನು ಹೊಲಿಯಲ್ಲ," ಎಂದೆ, ಅವರದೇ ಭಾಷೆಯಲ್ಲಿ. "ನಾನು ಬಿಚ್ಚೋದು. ಆರು ವರ್ಷ. ಹೊಲಿಯೋಕೆ ಬರಲ್ಲ. ಅರ್ಜಿ, ಮಾವ ಬರೆದ. ಪದ್ಧತಿ, ಅತ್ತೆ ಮಾಡಿದರು. ಮುತ್ತಜ್ಜಿ ಹಡಗು ನೋಡೇ ಇಲ್ಲ."

ಬೀದಿಯ ಜನ ಐದು ತಿಂಗಳಲ್ಲಿ ನನ್ನ ದನಿ ಇಷ್ಟುದ್ದ ಕೇಳಿದ್ದು ಅದೇ ಮೊದಲು. ದೊಡ್ಡತ್ತೆ ಬಾಯಿ ತೆರೆದೇ ಇದ್ದರು, ಈಗ ಬೇರೆ ಕಾರಣಕ್ಕೆ.

ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು. "ಹಾಗಾದ್ರೆ ಅರ್ಜಿ ಸುಳ್ಳು. ಸೋಮವಾರದ ವಿಮಾನ."

"ಆಗಲಿ ಸಾರ್," ಎಂದರು ಬಸ್ ಡ್ರೈವರ್, ಬಹಳ ವಿನಯದಿಂದ. "ಕೋಟು ಚೀಲಕ್ಕೆ ಹಾಕಿಕೊಡೋಣವಾ? ಮೂವತ್ತೊಂದು ತುಂಡಿದೆ. ಯಾವುದರ ಪಕ್ಕ ಯಾವುದು ಅಂತ ಗೊತ್ತಿರೋದು ಈ ಮಗು ಒಬ್ಬಳಿಗೇ."

ಅಧಿಕಾರಿ ತುಂಡುಗಳನ್ನು ನೋಡಿದರು. ಗಡಿಯಾರ ನೋಡಿದರು. ಪೆನ್ನಿನ ಮುಚ್ಚಳ ಹಾಕಿದರು.

"ಐದರ ತನಕ ಟೈಮು," ಎಂದರು.

"ನಿಮಗೂ ಅಷ್ಟೇ ಟೈಮು," ಎಂದು ಪಿಯಾನೋ ಮೇಡಂ ಅವರ ಕೈಗೆ ಒಂದು ಸೂಜಿ ಕೊಟ್ಟರು. "ಕೂತ್ಕೊಳ್ಳಿ."

ನಾನು ಮೇಜಿನ ತಲೆಯ ಕಡೆ ನಿಂತೆ. "ಇದು, ಮೇಡಂಗೆ. ಆಮೇಲೆ ಇದು, ಗಡಿಯಾರದವರಿಗೆ. ಅಲ್ಲ, ತಿರುಗಿಸಿ. ನಿಧಾನ." ಕಾಲರ್ ಮೆಷಿನ್ನಿಗೆ ಹೋಯಿತು. ಬೆನ್ನು ಬಸ್ ಡ್ರೈವರ್ ಕೈಗೆ. ಅಂಚೆಯ ಅಮ್ಮ ಜೇಬು ಕೂರಿಸಿದರು, ಅಭ್ಯಾಸಬಲದಿಂದ ಅದರೊಳಗೆ ಒಂದು ಕಾಗದವನ್ನೂ ಇಟ್ಟರು. ಅಧಿಕಾರಿ ತಮ್ಮದೇ ಕೋಟಿನ ಗುಂಡಿ ಹೊಲಿಯುತ್ತ ಮೂರು ಸಲ ಬೆರಳು ಚುಚ್ಚಿಕೊಂಡರು, ನಾಲ್ಕನೇ ಸಲ ಚುಚ್ಚಿಕೊಳ್ಳದೆ ಇದ್ದಾಗ ತಲೆಯೆತ್ತಿ ಎಲ್ಲರನ್ನೂ ನೋಡಿದರು. ದೊಡ್ಡತ್ತೆ ಮೂಕರಾಗಿ ಸೂಜಿಗೆ ದಾರ ಪೋಣಿಸಿಕೊಟ್ಟರು.

ನಾಲ್ಕೂ ಕಾಲಿಗೆ ಎಡತೋಳು ಒಂದೇ ಉಳಿದಿತ್ತು. ಯಾರ ಕೈಯೂ ಖಾಲಿ ಇರಲಿಲ್ಲ. ಎಲ್ಲರೂ ಬೇರೆ ಬೇರೆ ಕಡೆಯಿಂದ ಕೋಟಿಗೆ ಬಗ್ಗಿದ್ದರು. ನಾನು ತೋಳನ್ನು ಹಿಡಿದುಕೊಂಡು ಯಾರಿಗೆ ಕೊಡಲಿ ಎಂದು ಸುತ್ತ ಒಮ್ಮೆ ನೋಡಿದೆ. ಆಮೇಲೆ ಕುಳಿತೆ. ಆರು ವರ್ಷ ದಾರದ ಗಂಟು ಹುಡುಕಿ ಕತ್ತರಿಸಿದವಳು, ಅವತ್ತು ಮೊದಲ ಸಲ ದಾರದ ತುದಿಗೆ ಗಂಟು ಹಾಕಿದೆ.

ಐದಕ್ಕೆ ಹತ್ತು ನಿಮಿಷವಿದ್ದಾಗ ಅಧಿಕಾರಿ ಕೋಟು ಹಾಕಿಕೊಂಡರು. ಎಲ್ಲ ಸರಿಯಾಗಿತ್ತು, ನಾನು ಹೊಲಿದದ್ದೊಂದು ಬಿಟ್ಟು. ತೋಳು ಸ್ವಲ್ಪ ತಿರುಗಿ ಕೂತಿತ್ತು. ಅವರು ಕೈ ಇಳಿಬಿಟ್ಟರೂ ಅದು ಇಳಿಯದೆ, ಯಾರದೋ ಕೈ ಕುಲುಕಲು ಹೊರಟ ಹಾಗೆ ತಾನಾಗಿ ಮುಂದಕ್ಕೆ ಬರುತ್ತಿತ್ತು. ಒತ್ತಿದರು. ಮತ್ತೆ ಬಂತು. ಬಯ್ಯಲು ಸಮಯವಿರಲಿಲ್ಲ, ಹಾಗೆಯೇ ಓಡಿದರು.

ಸೋಮವಾರ ನಾನು ಪೆಟ್ಟಿಗೆ ಕಟ್ಟಿ ಸೇವಾಮನೆಯಲ್ಲಿ ಕುಳಿತಿದ್ದೆ. ಅಧಿಕಾರಿ ಬಂದರು. ಅದೇ ಕೋಟು, ಅದೇ ಕೈ ಮುಂದೆ. ಫೈಲಿನಿಂದ ಒಂದು ಫೋಟೋ ತೆಗೆದು ಮೇಜಿನ ಮೇಲಿಟ್ಟರು. ಅದರಲ್ಲಿ ದೊಡ್ಡ ಸಾಹೇಬರು ಎರಡೂ ಕೈಯಿಂದ ಇವರ ಎಡಗೈ ಹಿಡಿದುಕೊಂಡಿದ್ದರು.

"ನಲವತ್ತು ವರ್ಷದಲ್ಲಿ ಅವರು ನನ್ನ ಕೈ ಕುಲುಕಿರಲಿಲ್ಲ," ಎಂದರು ಅಧಿಕಾರಿ. "ಕೈ ಮುಂದೆ ಇತ್ತಲ್ಲ, ಅವರಿಗೆ ಬೇರೆ ದಾರಿ ಇರಲಿಲ್ಲ. ಆಮೇಲೆ ಎಲ್ಲರೂ ಕುಲುಕಿದರು. ಬಾಗಿಲು ಕಾಯೋನೂ ಕುಲುಕಿದ." ಫೋಟೋವನ್ನು ಮತ್ತೆ ಫೈಲಿಗೆ ಸೇರಿಸಿದರು. "ಹೋಗಲಿ. ಅರ್ಜಿಯಲ್ಲಿ ತಪ್ಪಿದ್ದರೆ, ಅರ್ಜಿದಾರರು ತಾವಾಗಿ ಬಾಯಿಬಿಟ್ಟು ಒಪ್ಪಿಕೊಂಡಿದ್ದರೆ, ತಿದ್ದಬಹುದು ಅಂತ ನಿಯಮ ಇದೆ. ನಲವತ್ತು ವರ್ಷದಲ್ಲಿ ಯಾರೂ ಒಪ್ಪಿಕೊಂಡಿರಲಿಲ್ಲ, ಅದಕ್ಕೇ ನೆನಪಿರಲಿಲ್ಲ."

ಒಂಬತ್ತನೇ ಕಾಲಮ್ಮಿನಲ್ಲಿ ‘ಹೊಲಿಗೆ ತಜ್ಞೆ’ ಎಂಬುದಕ್ಕೆ ಕೆಂಪು ಗೀಟು ಎಳೆದು, ಮೇಲೆ ಹೊಸದಾಗಿ ಬರೆದು, ಮೊಹರು ಒತ್ತಿದರು. ಇನ್ನೊಂದು ತಿಂಗಳು ಕಳೆದ ಮೇಲೆ ನನ್ನ ಸರ್ಟಿಫಿಕೇಟಿನಲ್ಲೂ ಅದೇ ಮಾತು ಅಚ್ಚಾಯಿತು.

ಊರಿಗೆ ಬಂದ ದಿನ ಮಾವ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. "ಏನಂತ ಬರೆದಿದೆ?"

"‘ಈಕೆಗೆ ಹೊಲಿಯಲು ಬರುವುದಿಲ್ಲ. ಬಿಚ್ಚುವುದರಲ್ಲಿ ಈಕೆಯನ್ನು ಮೀರಿಸಿದವರಿಲ್ಲ.’"

"ಅಯ್ಯೋ! ಮೊದಲನೇ ಸಾಲು ಯಾಕೆ ಬೇಕಿತ್ತು? ಕೊಡು, ಮಾಸ್ಟರಿಗೆ ನಾನು ಓದಿ ಹೇಳ್ತೀನಿ."

"ಬೇಡ ಮಾವ. ನಾನೇ ಹೇಳ್ತೀನಿ."

ಅಂಗಡಿಯಲ್ಲಿ ಗಿರಾಕಿಗಳಿದ್ದರು. ನಾನು ಎಲ್ಲರಿಗೂ ಕೇಳುವ ಹಾಗೆ ಎರಡೂ ಸಾಲು ಹೇಳಿದೆ. ಮಾಸ್ಟರ್ ಕನ್ನಡಕ ತೆಗೆದು ನಕ್ಕರು, ಅವರ ತಮ್ಮ ನಕ್ಕ, ಗಿರಾಕಿಗಳೂ ನಕ್ಕರು.

"ಬಿಚ್ಚೋಕೆ ಸರ್ಟಿಫಿಕೇಟಾ! ಅದಕ್ಕೆ ಸಮುದ್ರ ದಾಟಿದೆಯಾ?"

"ಎಲ್ಲಿಂದಾದ್ರೂ ಒಂದು ಅಂತ ನೀವೇ ಅಂದಿದ್ರಿ ಮಾಸ್ಟರ್. ಯಾವುದಕ್ಕೆ ಅಂತ ಹೇಳಿರಲಿಲ್ಲ."

ನಗು ನಿಂತಿತು. ನಾನು ಉತ್ತರ ಕೊಟ್ಟಿದ್ದೇ ಅವರಿಗೆ ಹೊಸದು.

"ಇನ್ನೊಂದು," ಎಂದೆ. "ನಿಮ್ಮ ಅಂಗಿಯ ಎಡತೋಳು ನೀವೇ ಹೊಲಿದಿದ್ದು, ಸಿಟ್ಟಲ್ಲಿ. ಹೊಲಿಗೆ ಬಿಗಿ. ಅದಕ್ಕೇ ನಿಮಗೆ ಭುಜ ನೋವು. ಬಿಚ್ಚಿ ಕೊಡಿ."

ಮಾಸ್ಟರ್ ಭುಜ ಮುಟ್ಟಿ ನೋಡಿಕೊಂಡರು. ಗಿರಾಕಿಗಳ ಮುಖ ನೋಡಿದರು. ಆಮೇಲೆ, ಯಾಕೋ ಏನೋ, ಅಂಗಿ ತೆಗೆದು ಕೊಟ್ಟು ಬನಿಯನ್ನಿನಲ್ಲಿ ಕುಳಿತರು. ನಾನು ತೋಳು ಬಿಚ್ಚಿದೆ. ಎದ್ದು ಕಿಟಕಿಯ ಹತ್ತಿರ ಹೋದೆ. ಮೆಷಿನ್ನಿನ ಮೇಲೆ ಕುಳಿತಿದ್ದ ಬಿಸಿಲು ಸ್ವಲ್ಪ ಸರಿದು ಜಾಗ ಕೊಟ್ಟಿತು.

ಮಾಸ್ಟರ ಭುಜ ನೋವು ಹೋಗಿದೆ. ನಾನು ಹೊಲಿದ ತೋಳು ಮಾತ್ರ ಸ್ವಲ್ಪ ತಿರುಗಿ ಕೂತಿದೆ. ಯಾರು ಒಳಗೆ ಬಂದರೂ ಅವರ ಎಡಗೈ ತಾನಾಗಿ ಎದ್ದು ಬನ್ನಿ ಬನ್ನಿ ಎನ್ನುತ್ತದೆ. ಮಾಸ್ಟರ್ ಈಗೀಗ ತುಂಬ ಮೃದುವಾಗಿದ್ದಾರೆ ಎಂದು ಗಿರಾಕಿಗಳು ಮಾತಾಡಿಕೊಳ್ಳುತ್ತಾರೆ, ಅಂಗಡಿಯಲ್ಲಿ ಕೂರಲು ಜಾಗವಿಲ್ಲ. ಅದನ್ನು ಬಿಚ್ಚಿ ಸರಿಯಾಗಿ ಹೊಲಿ ಎಂದು ಅವರು ಇನ್ನೂ ಹೇಳಿಲ್ಲ.